ದಿನಚರಿ ಸರಿಪಡಿಸುವುದಾದರೆ ರಾತ್ರಿ ಊಟದಿಂದ ಶುರುಮಾಡಿ

ಆರೋಗ್ಯ ನೋಡಿಕೊಳ್ಳಬೇಕು ಅನ್ನಿಸಿದ ಕೂಡಲೇ ಹೆಚ್ಚಿನವರು ಮಾಡುವ ಮೊದಲ ಕೆಲಸ ಹೊಸ ಶೂ ಕೊಳ್ಳುವುದು. ಬೆಳಿಗ್ಗೆ 5ಕ್ಕೆ ಅಲಾರಂ ಇಡುತ್ತಾರೆ, ನಾಲ್ಕು ದಿನ ಪಾರ್ಕಿಗೆ ಹೋಗುತ್ತಾರೆ, ಐದನೇ ದಿನ ಅಲಾರಂ ಆರಿಸಿ ಮಗ್ಗುಲಾಗುತ್ತಾರೆ. ಆಮೇಲೆ ‘ನನಗೆ ಛಲ ಸಾಲದು’ ಎಂದು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಹಿಂದಿನ ರಾತ್ರಿ ಒಂಬತ್ತೂಮುಕ್ಕಾಲಿಗೆ ಉಂಡು, ಹನ್ನೊಂದೂವರೆವರೆಗೆ ಮೊಬೈಲ್ ನೋಡಿ, ಹನ್ನೆರಡು ದಾಟಿದ ಮೇಲೆ ಕಣ್ಣು ಮುಚ್ಚಿದ ದೇಹ 5ಕ್ಕೆ ಏಳಲು ಹೇಗೆ ಒಪ್ಪೀತು?

ಆದ್ದರಿಂದ ಇಲ್ಲಿ ಹೇಳುವ ಕ್ರಮ ರಾತ್ರಿಯಿಂದ ಹೊರಡುತ್ತದೆ. ಮೊದಲು ರಾತ್ರಿ ಊಟದ ಹೊತ್ತು, ಆಮೇಲೆ ನಿದ್ದೆ, ಆಮೇಲೆ ತಟ್ಟೆಯಲ್ಲಿರುವುದು, ನಂತರ ನಡಿಗೆ, ಕೊನೆಗೆ ಕೈಕಾಲಿನ ಬಲ. ಒಂದೊಂದಕ್ಕೂ ಎರಡು ವಾರ ಕೊಡಿ. ಒಂದು ರೂಢಿಗೆ ಬಂದ ಮೇಲೆ ಮುಂದಿನದಕ್ಕೆ ಹೋಗಿ. ಒಟ್ಟು ಹತ್ತು ವಾರದ ಕೆಲಸ. ಎಲ್ಲವನ್ನೂ ಒಂದೇ ಸೋಮವಾರ ಶುರುಮಾಡಿದರೆ ಮುಂದಿನ ಸೋಮವಾರದ ಹೊತ್ತಿಗೆ ಎಲ್ಲವೂ ಒಟ್ಟಿಗೇ ನಿಂತುಹೋಗುತ್ತವೆ.

ಮೊದಲ ದಿನದ ಅಳತೆ

ಒಂದು ಹಳೇ ನೋಟ್‌ಬುಕ್ಕು, ದರ್ಜಿಯ ಟೇಪು ಇದ್ದರೆ ಸಾಕು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಸೊಂಟದ ಸುತ್ತಳತೆ ತೆಗೆಯಿರಿ. ಪ್ಯಾಂಟು ಅಥವಾ ಲಂಗ ಕಟ್ಟುವ ಜಾಗದಲ್ಲಿ ಅಳೆದರೆ ತಪ್ಪು ಲೆಕ್ಕ ಬರುತ್ತದೆ. ಪಕ್ಕದಲ್ಲಿ ಕೊನೆಯ ಪಕ್ಕೆಲುಬು ಕೈಗೆ ಸಿಗುತ್ತದೆ, ಕೆಳಗೆ ಸೊಂಟದ ಮೂಳೆಯ ಮೇಲಂಚು ಸಿಗುತ್ತದೆ. ಇವೆರಡರ ನಡುಮಧ್ಯೆ ಟೇಪು ಸುತ್ತಿ, ಹೊಟ್ಟೆ ಒಳಗೆಳೆದುಕೊಳ್ಳದೆ, ಉಸಿರು ಬಿಟ್ಟ ಮೇಲೆ ಓದಿ. ಭಾರತೀಯರಲ್ಲಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಮೀರಿದರೆ ಹೊಟ್ಟೆಯ ಕೊಬ್ಬು ಹೆಚ್ಚಿದೆ ಎಂದು ವೈದ್ಯರು ಲೆಕ್ಕ ಹಿಡಿಯುತ್ತಾರೆ. ತೂಕದ ಯಂತ್ರಕ್ಕಿಂತ ಈ ಟೇಪನ್ನೇ ನಂಬಿ. ತೂಕ ದಿನಕ್ಕೆ ಒಂದು ಕಿಲೋ ಆಚೀಚೆ ಆಗುತ್ತಲೇ ಇರುತ್ತದೆ, ಅದನ್ನು ನೋಡಿ ನೋಡಿ ಉತ್ಸಾಹ ಕಳೆದುಕೊಳ್ಳುವವರು ಬಹಳ.

ಬಿಪಿ ನೋಡುವಾಗ ಐದು ನಿಮಿಷ ಸುಮ್ಮನೆ ಕೂತಿರಬೇಕು. ಬೆನ್ನಿಗೆ ಆನಿಕೆ, ಪಾದ ನೆಲದ ಮೇಲೆ, ತೋಳು ಮೇಜಿನ ಮೇಲೆ ಎದೆಯ ಮಟ್ಟಕ್ಕೆ. ಅರ್ಧ ಗಂಟೆ ಮೊದಲು ಕಾಫಿ, ಬೀಡಿ, ಸಿಗರೇಟು ಬೇಡ. ಅಳೆಯುವಾಗ ಮಾತು ಬೇಡ. ಮಹಡಿ ಹತ್ತಿ ಬಂದ ಕೂಡಲೇ ಪಟ್ಟಿ ಕಟ್ಟಿಸಿಕೊಂಡರೆ ಬರುವ ಸಂಖ್ಯೆಗೆ ಬೆಲೆ ಇಲ್ಲ. ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರ ಬಳಿ ಹೋಗಿ. ಮೂವತ್ತು ದಾಟಿದವರು, ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವವರು ಖಾಲಿ ಹೊಟ್ಟೆಯ ಸಕ್ಕರೆಯನ್ನೂ ಒಮ್ಮೆ ಪರೀಕ್ಷಿಸಿ ಬರೆದಿಡಿ. 100ರೊಳಗೆ ಇದ್ದರೆ ಸರಿ. 100ರಿಂದ 125 ಎಚ್ಚರಿಕೆಯ ಗಂಟೆ. 126 ಮತ್ತು ಮೇಲೆ ಬಂದರೆ ಪರೀಕ್ಷೆ ಮತ್ತೊಮ್ಮೆ ಮಾಡಿಸಿ ಚಿಕಿತ್ಸೆ ಶುರುಮಾಡಬೇಕು.

ಅಡುಗೆಮನೆಯಲ್ಲೂ ಒಂದು ಕೆಲಸವಿದೆ. ಇವತ್ತಿನಿಂದ ಉಪ್ಪು, ಎಣ್ಣೆ, ಸಕ್ಕರೆ ಪ್ಯಾಕೆಟ್ ಒಡೆದ ತಾರೀಖನ್ನು ಪ್ಯಾಕೆಟ್ಟಿನ ಮೇಲೇ ಪೆನ್ನಿನಲ್ಲಿ ಬರೆಯಿರಿ. ಆರನೇ ವಾರದ ಹೊತ್ತಿಗೆ ಆ ತಾರೀಖುಗಳು ಬೇಕಾಗುತ್ತವೆ.

ರಾತ್ರಿ ಊಟದ ಹೊತ್ತು

ನೀವು ಬೆಳಿಗ್ಗೆ ಏಳಬೇಕಾದ ಹೊತ್ತಿನಿಂದ ಹಿಂದಕ್ಕೆ ಎಣಿಸಿ. 6ಕ್ಕೆ ಏಳಬೇಕು, ಏಳೂವರೆ ಗಂಟೆ ನಿದ್ದೆ ಬೇಕು ಎಂದರೆ ಹತ್ತೂವರೆಗೆ ನಿದ್ದೆ ಹತ್ತಿರಬೇಕು, ಹತ್ತೂಕಾಲಿಗೆ ಹಾಸಿಗೆಯಲ್ಲಿರಬೇಕು. ಊಟಕ್ಕೂ ಮಲಗುವುದಕ್ಕೂ ನಡುವೆ ಎರಡೂವರೆ ಗಂಟೆ ಬಿಟ್ಟರೆ ಊಟ ಏಳೂಮುಕ್ಕಾಲಿಗೆ. ಈ ಅಂತರಕ್ಕೆ ಎರಡು ಕಾರಣ. ತುಂಬಿದ ಹೊಟ್ಟೆಯಲ್ಲಿ ಅಡ್ಡಾದರೆ ಆಮ್ಲ ಅನ್ನನಾಳಕ್ಕೆ ಏರಿ ಎದೆಯುರಿ, ಹುಳಿತೇಗು ಬರುತ್ತದೆ. ಇನ್ನೊಂದು, ಹೊತ್ತು ಮುಳುಗುತ್ತಾ ಹೋದ ಹಾಗೆ ಸಕ್ಕರೆಯನ್ನು ನಿಭಾಯಿಸುವ ದೇಹದ ಶಕ್ತಿ ಕುಗ್ಗುತ್ತದೆ. ಅದೇ ಅನ್ನ, ಅದೇ ಅಳತೆ, ಆದರೂ ಬೆಳಗಿಗಿಂತ ರಾತ್ರಿ ರಕ್ತದ ಸಕ್ಕರೆ ಹೆಚ್ಚು ಏರುತ್ತದೆ.

ಈಗ ಒಂಬತ್ತೂಕಾಲಿಗೆ ಉಣ್ಣುವ ಮನೆಯವರು ನಾಳೆಯೇ 8ಕ್ಕೆ ಉಣ್ಣಲು ಹೊರಟರೆ ಹತ್ತಕ್ಕೆ ಮತ್ತೆ ಹಸಿವಾಗಿ ಡಬ್ಬಿ ತಡಕುತ್ತಾರೆ. ಮೂರು ದಿನಕ್ಕೊಮ್ಮೆ 15 ನಿಮಿಷ ಹಿಂದಕ್ಕೆ ತನ್ನಿ. ಐದು ಸಲ ಹಿಂದೆ ತಂದರೆ, ಅಂದರೆ 15 ದಿನಕ್ಕೆ, 8 ಗಂಟೆ ತಲುಪುತ್ತೀರಿ. ಇನ್ನೊಂದು ಕಾಲು ಗಂಟೆ ಆಮೇಲೆ ನೋಡಿಕೊಳ್ಳಬಹುದು.

ಹೊತ್ತು ಹಿಂದೆ ಬರದಿರಲು ಸಾಮಾನ್ಯವಾಗಿ ಮೂರು ಅಡ್ಡಿ. ಒಂದು ಸಂಜೆಯ ತಿಂಡಿ. ಐದೂವರೆಗೆ ಬಜ್ಜಿ, ಬೋಂಡ, ಬಿಸ್ಕತ್ತು ಹೊಟ್ಟೆಗೆ ಬಿದ್ದರೆ 8ಕ್ಕೆ ಹಸಿವೇ ಇರುವುದಿಲ್ಲ. ಏನೂ ತಿನ್ನದಿದ್ದರೆ ಊಟಕ್ಕೆ ಕೂತಾಗ ಎರಡರಷ್ಟು ಇಳಿಯುತ್ತದೆ. ಒಂದು ಸಣ್ಣ ಬಟ್ಟಲು ಕಡಲೆಕಾಳು ಉಸಲಿ, ಅಥವಾ ಒಂದು ಹಿಡಿ ಬೇಯಿಸಿದ ಕಡಲೆಕಾಯಿ, ಅಥವಾ ಒಂದು ಸೀಬೆಹಣ್ಣು ಮತ್ತು ಒಂದು ಲೋಟ ಮಜ್ಜಿಗೆ ಸಾಕು.

ಎರಡನೆಯದು ಟಿವಿ. ಧಾರಾವಾಹಿ ಮುಗಿದ ಮೇಲೆ ಊಟ ಎನ್ನುವ ಮನೆಗಳಲ್ಲಿ ಊಟ ಮೊದಲು, ಧಾರಾವಾಹಿ ಆಮೇಲೆ ಎಂದು ತಿರುವು ಹಾಕಿದರೆ ಯಾರೂ ಏನನ್ನೂ ಬಿಡಬೇಕಾಗಿಲ್ಲ.

ಮೂರನೆಯದನ್ನು ನೇರವಾಗಿ ಹೇಳಬೇಕು. ಎಷ್ಟೋ ಮನೆಗಳಲ್ಲಿ ಎಲ್ಲರಿಗೂ ಬಿಸಿಬಿಸಿ ಬಡಿಸಿ, ಅಡುಗೆಕಟ್ಟೆ ಒರೆಸಿ, ಕೊನೆಗೆ ಹತ್ತು ಗಂಟೆಗೆ ಉಳಿದದ್ದನ್ನು ಉಣ್ಣುವುದು ಅಮ್ಮ, ಅತ್ತೆ ಅಥವಾ ಹೆಂಡತಿ. ಆ ಒಬ್ಬಳ ಊಟ ಹಿಂದೆ ಬರದಿದ್ದರೆ ಮನೆಯ ಊಟ ಹಿಂದೆ ಬಂದಿತು ಎನ್ನುವ ಹಾಗಿಲ್ಲ. ಕಾಳು ಬೆಳಿಗ್ಗೆಯೇ ನೆನೆಹಾಕಿ. ತರಕಾರಿ ಹೆಚ್ಚುವ ಕೆಲಸವನ್ನು ಸಂಜೆ ಮನೆಗೆ ಮೊದಲು ಬಂದವರು ಹಿಡಿಯಲಿ. ರೊಟ್ಟಿ, ಚಪಾತಿ ಎಲ್ಲ ಮುಗಿಸಿ ಡಬ್ಬಿಗೆ ಹಾಕಿ ಎಲ್ಲರೂ ಒಟ್ಟಿಗೆ ಕೂರಿ. ಕೆಂಡದಿಂದ ಇಳಿದ ಬಿಸಿ ಸ್ವಲ್ಪ ಆರುತ್ತದೆ, ಅಷ್ಟೆ.

ಆಫೀಸಿನಿಂದ ಒಂಬತ್ತಕ್ಕೆ ಮನೆ ಸೇರುವವರು ಊಟವನ್ನು ಎರಡು ಪಾಲು ಮಾಡಿಕೊಳ್ಳಿ. ಏಳರ ಸುಮಾರಿಗೆ ಡಬ್ಬಿಯಿಂದ ಎರಡು ಚಪಾತಿ ಪಲ್ಯ, ಇಲ್ಲವೇ ಮೊಸರನ್ನ ಜತೆಗೆ ಉಸಲಿ. ಮನೆಗೆ ಬಂದ ಮೇಲೆ ಒಂದು ಬಟ್ಟಲು ಸೊಪ್ಪಿನ ಸಾರು ಅಥವಾ ಒಂದು ಲೋಟ ಮಜ್ಜಿಗೆ. ಬೆಂಗಳೂರಿನ ಟ್ರಾಫಿಕ್ಕನ್ನು ನಂಬಿ ಊಟದ ಹೊತ್ತು ನಿಗದಿ ಮಾಡಲು ಬರುವುದಿಲ್ಲ.

ನಿದ್ದೆ

ವಯಸ್ಕರಿಗೆ ಏಳು ಗಂಟೆಗಿಂತ ಕಡಿಮೆ ನಿದ್ದೆ ಸಾಲದು. ಮಲಗುವ ಹೊತ್ತನ್ನು ಬಲವಂತದಿಂದ ಸರಿಪಡಿಸಲು ಆಗುವುದಿಲ್ಲ. ನಿಮ್ಮ ಕೈಯಲ್ಲಿರುವುದು ಏಳುವ ಹೊತ್ತು ಮಾತ್ರ. ಒಂದು ಹೊತ್ತು ಗೊತ್ತುಮಾಡಿಕೊಂಡು ರಾತ್ರಿ ನಿದ್ದೆ ಬಂದಿರಲಿ ಬಿಡಲಿ ಆ ಹೊತ್ತಿಗೆ ಏಳಿ. ಎದ್ದ ಅರ್ಧ ಗಂಟೆಯೊಳಗೆ ಬಯಲಿಗೆ ಬಂದು 20 ನಿಮಿಷ ಬೆಳಕಿನಲ್ಲಿರಿ. ಗಿಡಕ್ಕೆ ನೀರು ಹಾಕಿ, ಅಂಗಳ ಗುಡಿಸಿ ರಂಗೋಲಿ ಬಿಡಿ, ಹಾಲು ತರಲು ನಡೆದುಹೋಗಿ. ಕಣ್ಣಿಗೆ ಬೀಳುವ ಆ ಬೆಳಕು ಒಳಗಿನ ಗಡಿಯಾರವನ್ನು ಹೊಂದಿಸುತ್ತದೆ, ರಾತ್ರಿ ಅದೇ ಲೆಕ್ಕದಲ್ಲಿ ತೂಕಡಿಕೆ ತರುತ್ತದೆ. ಮೋಡ ಕವಿದ ಬೆಳಗಿನ ಬಯಲು ಕೂಡ ಮನೆಯೊಳಗಿನ ಟ್ಯೂಬ್‌ಲೈಟಿಗಿಂತ ಎಷ್ಟೋ ಪಾಲು ಪ್ರಖರ.

ಭಾನುವಾರ ಒಂಬತ್ತಕ್ಕೆ ಎದ್ದರೆ ಆ ರಾತ್ರಿ ನಿದ್ದೆ ತಡವಾಗಿ ಹತ್ತುತ್ತದೆ, ಸೋಮವಾರದ ಬೆಳಗು ಕೆಡುತ್ತದೆ. ವಾರದ ನಿದ್ದೆ ಬಾಕಿ ಇದ್ದರೆ ಮಧ್ಯಾಹ್ನ ಮೂರರೊಳಗೆ 20ರಿಂದ 30 ನಿಮಿಷ ಒರಗಿಕೊಳ್ಳಿ. ಒಂದೂವರೆ ಗಂಟೆ ಮಲಗಿದರೆ ತಲೆಭಾರ ಬರುತ್ತದೆ, ರಾತ್ರಿಯ ನಿದ್ದೆಯನ್ನೂ ಅದು ನುಂಗುತ್ತದೆ.

ಕಾಫಿಯ ವಿಷಯ ಕರ್ನಾಟಕದವರಿಗೆ ಸೂಕ್ಷ್ಮ. ಬಿಡಬೇಕಾಗಿಲ್ಲ, ಹೊತ್ತು ನೋಡಿಕೊಳ್ಳಬೇಕು. ಕೆಫೀನಿನ ಅರ್ಧ ಪಾಲು ದೇಹದಿಂದ ಕಳೆಯಲು ಸುಮಾರು ಐದು ಗಂಟೆ ಬೇಕು. ಸಂಜೆ ಐದೂವರೆಗೆ ಕುಡಿದ ಗಟ್ಟಿ ಡಿಕಾಕ್ಷನ್ನಿನ ಅರ್ಧ ಹತ್ತೂವರೆಗೂ ಮೈಯಲ್ಲಿರುತ್ತದೆ. ‘ಕಾಫಿ ಕುಡಿದರೂ ನನಗೆ ನಿದ್ದೆ ಬರುತ್ತೆ’ ಎನ್ನುವವರಿಗೂ ನಿದ್ದೆಯ ಆಳ ತೆಳುವಾಗಿರುತ್ತದೆ. ಕೊನೆಯ ಕಾಫಿ ಮಧ್ಯಾಹ್ನ ಎರಡೂವರೆಯೊಳಗೆ ಮುಗಿಯಲಿ. ಸಂಜೆ ಬೇಕೇ ಬೇಕು ಎನ್ನುವವರಿಗೆ ಜೀರಿಗೆ, ಕೊತ್ತಂಬರಿ ಬೀಜ, ಶುಂಠಿ ಹಾಕಿದ ಕಷಾಯ ಇದೆ. ಚಿಕೋರಿಯಲ್ಲಿ ಕೆಫೀನ್ ಇಲ್ಲ, ಆದ್ದರಿಂದ ಚಿಕೋರಿ ಹೆಚ್ಚಿರುವ ಪುಡಿಯಿಂದ ಹೊಡೆತ ಸ್ವಲ್ಪ ತಗ್ಗುತ್ತದೆ. ದಿನವೂ ಕಾಫಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನ ತಲೆನೋವು ಬರಬಹುದು. ಎರಡು ದಿನಕ್ಕೆ ಅರ್ಧ ಲೋಟದಂತೆ ಇಳಿಸಿ.

ಮಲಗುವ ಎರಡು ಗಂಟೆಯಿಂದ ಒಂದು ಗಂಟೆ ಮೊದಲು ಬಿಸಿನೀರಿನ ಸ್ನಾನ ಮಾಡಿದರೆ ನಿದ್ದೆ ಬೇಗ ಹತ್ತುತ್ತದೆ. ಬಿಸಿನೀರು ಚರ್ಮಕ್ಕೆ ರಕ್ತ ಹರಿಸುತ್ತದೆ, ಆಮೇಲೆ ಮೈ ತಣ್ಣಗಾಗುತ್ತದೆ. ಹಾಗೆ ತಣ್ಣಗಾಗುವುದೇ ದೇಹಕ್ಕೆ ಮಲಗುವ ಸೂಚನೆ. ಮೊಬೈಲನ್ನು ಹಾಸಿಗೆಯಿಂದ ಕೈಗೆಟುಕದ ಜಾಗದಲ್ಲಿ ಚಾರ್ಜಿಗೆ ಹಾಕಿ, ನೂರೈವತ್ತು ಇನ್ನೂರು ರೂಪಾಯಿಯ ಅಲಾರಂ ಗಡಿಯಾರ ಕೊಳ್ಳಿ. ಅಲಾರಂಗೆ ಮೊಬೈಲ್ ಬೇಕು ಎನ್ನುವ ನೆಪವೇ ಅದನ್ನು ದಿಂಬಿನ ಕೆಳಗೆ ಇಡಿಸುವುದು. ಸೊಳ್ಳೆಪರದೆ, ಫ್ಯಾನು, ಬೀದಿದೀಪ ತಡೆಯುವ ದಪ್ಪ ಪರದೆ, ಇವಕ್ಕೆ ಖರ್ಚು ಮಾಡಿದ ದುಡ್ಡು ವ್ಯರ್ಥವಾಗದು.

ನಡುರಾತ್ರಿ ಎಚ್ಚರವಾಗಿ 20 ನಿಮಿಷ ಕಳೆದರೂ ನಿದ್ದೆ ಬರದಿದ್ದರೆ ಹೊರಳಾಡಬೇಡಿ. ಎದ್ದು ಮಂದ ಬೆಳಕಿನಲ್ಲಿ ಕೂತು ಏನಾದರೂ ಓದಿ, ಬಟ್ಟೆ ಮಡಿಸಿ, ತೂಕಡಿಕೆ ಬಂದ ಮೇಲೆ ಹಾಸಿಗೆಗೆ ಹೋಗಿ. ಹಾಸಿಗೆ ಎಂದರೆ ಚಿಂತೆಯ ಜಾಗ ಎಂದು ಮೆದುಳು ಕಲಿತುಬಿಟ್ಟರೆ ಅದನ್ನು ಮರೆಸಲು ತಿಂಗಳು ಬೇಕು. ನಿದ್ದೆಗೆಂದು ಒಂದು ಪೆಗ್ ಹಾಕುವುದು ಕೆಟ್ಟ ವ್ಯಾಪಾರ. ಮೊದಲರ್ಧ ಗಾಢ ನಿದ್ದೆ ಬರುತ್ತದೆ, ಉಳಿದರ್ಧ ಒಡೆದು ಚೂರಾಗುತ್ತದೆ.

ಜೋರು ಗೊರಕೆಯ ನಡುವೆ ಉಸಿರು ನಿಂತು ಮತ್ತೆ ಏದುಸಿರಿನಿಂದ ಶುರುವಾಗುತ್ತಿದ್ದರೆ, ಎಂಟು ಗಂಟೆ ಮಲಗಿದರೂ ಹಗಲೆಲ್ಲ ಜೋಂಪು ಹತ್ತುತ್ತಿದ್ದರೆ, ಅದು ದಿನಚರಿಯಿಂದ ಸರಿಹೋಗುವಂಥದ್ದಲ್ಲ. ಕಿವಿ ಮೂಗು ಗಂಟಲು ಅಥವಾ ಶ್ವಾಸಕೋಶದ ವೈದ್ಯರನ್ನು ಕಂಡು ನಿದ್ದೆಯ ಪರೀಕ್ಷೆ ಮಾಡಿಸಿ. ಪಕ್ಕದಲ್ಲಿ ಮಲಗುವವರು ಹೇಳಿದರೆ ತಮಾಷೆಯೆಂದು ತಳ್ಳಿಹಾಕಬೇಡಿ.

ರಾತ್ರಿ ಪಾಳಿಯವರಿಗೆ ಒಂದೇ ಮಾತು: ಪಾಳಿಗೆ ಮೊದಲೇ ಹೊಟ್ಟೆತುಂಬ ಉಣ್ಣಿ, ನಡುರಾತ್ರಿ ಹಗುರವಾಗಿ ಏನಾದರೂ ತಿನ್ನಿ, ಬೆಳಿಗ್ಗೆ ಮನೆಗೆ ಬರುವಾಗ ಕಪ್ಪು ಕನ್ನಡಕ ಹಾಕಿಕೊಂಡು ಬಂದು ಕತ್ತಲು ಕೋಣೆಯಲ್ಲಿ ದಿನವೂ ಅದೇ ಹೊತ್ತಿಗೆ ಮಲಗಿ.

ತಟ್ಟೆ

ಮೊದಲು ಅಕ್ಕಿ ಅಳೆಯಿರಿ. ರೈಸ್ ಕುಕ್ಕರಿನ ಜತೆ ಬರುವ ಅಳತೆಲೋಟ ತುಂಬ ಅಕ್ಕಿ ಸುಮಾರು 150 ಗ್ರಾಂ. ಹೊಲದಲ್ಲಿ, ಗಾರೆ ಕೆಲಸದಲ್ಲಿ ಮೈಬಗ್ಗಿಸುವವರ ಲೆಕ್ಕ ಬೇರೆ. ಕೂತು ಕೆಲಸ ಮಾಡುವ ಇಬ್ಬರಿಗೆ ಒಂದು ಹೊತ್ತಿಗೆ ಒಂದು ಲೋಟ ಸಾಕು, ಅಂದರೆ ತಲೆಗೆ 75 ಗ್ರಾಂ. ಇದು ಬೆಂದ ಮೇಲೆ ಸುಮಾರು 200 ಗ್ರಾಂ ಅನ್ನವಾಗುತ್ತದೆ.

‘ಅನ್ನ ಬಿಟ್ಟು ಚಪಾತಿ ತಿನ್ನುತ್ತಿದ್ದೇನೆ, ಆದರೂ ಸಕ್ಕರೆ ಇಳಿದಿಲ್ಲ’ ಎಂಬ ದೂರು ದಿನವೂ ಕೇಳಿಬರುತ್ತದೆ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕಿಲೊಕ್ಯಾಲರಿ, 100 ಗ್ರಾಂ ಗೋಧಿಹಿಟ್ಟಿನಲ್ಲಿ ಸುಮಾರು 320. ವ್ಯತ್ಯಾಸ ಅಷ್ಟೇ. ನಾಲ್ಕು ದೊಡ್ಡ ಚಪಾತಿ ತಿಂದವರು ಎರಡು ಸೌಟು ಅನ್ನ ಉಂಡವರಿಗಿಂತ ಹೆಚ್ಚೇ ತಿಂದಿರುತ್ತಾರೆ. ಶನಿವಾರ ಒಪ್ಪತ್ತು ಮಾಡಿ ರಾತ್ರಿಗೆ ಉಪ್ಪಿಟ್ಟು, ಅವಲಕ್ಕಿ, ದೋಸೆ ತಿನ್ನುವಲ್ಲೂ ಇದೇ ಲೆಕ್ಕ. ದೇವರಿಗೆ ಅದು ಫಲಾಹಾರ, ಹೊಟ್ಟೆಗೆ ಅದೂ ಧಾನ್ಯ. ರಾಗಿಯ ಹೆಚ್ಚುಗಾರಿಕೆ ಬೇರೆ ಕಡೆ ಇದೆ: 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಸುಣ್ಣದಂಶ, ಪಾಲಿಶ್ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಮಿನಷ್ಟೂ ಇಲ್ಲ. ನಾರೂ ರಾಗಿಯಲ್ಲಿ ಕೆಲವು ಪಟ್ಟು ಹೆಚ್ಚು. ದಿನಕ್ಕೊಂದು ಹೊತ್ತು ಮುದ್ದೆ ಅಥವಾ ರಾಗಿರೊಟ್ಟಿ ಒಳ್ಳೆಯದು. ಹಾಗೆಂದು ಮೂರು ಮುದ್ದೆ ನುಂಗಿದರೆ ಅಳತೆ ಮೀರಿತು.

ನಮ್ಮ ತಟ್ಟೆಯ ದೊಡ್ಡ ಕೊರತೆ ಪ್ರೋಟೀನು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕದಲ್ಲಿ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಬೇಕು. 60 ಕಿಲೋ ತೂಗುವವರಿಗೆ ಸುಮಾರು 50 ಗ್ರಾಂ. ಸಾಮಾನ್ಯ ಸಸ್ಯಾಹಾರಿ ದಿನವನ್ನು ಕೂಡಿಸಿ ನೋಡಿ. ಬೆಳಿಗ್ಗೆ ಉಪ್ಪಿಟ್ಟಿನಿಂದ 6 ಗ್ರಾಂ, ಎರಡು ಹೊತ್ತಿನ ಅನ್ನದಿಂದ 12, ಎರಡು ಹೊತ್ತು ತಿಳಿಸಾರಿನ ಬೇಳೆಯಿಂದ 6, ಒಂದು ಸಣ್ಣ ಬಟ್ಟಲು ಮೊಸರಿನಿಂದ 3, ಎರಡು ಕಾಫಿಯ ಹಾಲಿನಿಂದ 5. ಒಟ್ಟು 32. ಹದಿನೆಂಟು ಗ್ರಾಂ ಖೋತಾ. ಈ ಖೋತಾ ಇರುವ ದಿನವೇ ಸಂಜೆ ಬಿಸ್ಕತ್ತಿನ ಡಬ್ಬಿಗೆ ಕೈ ಹೋಗುವುದು. ತುಂಬಿಕೊಳ್ಳುವುದು ಕಷ್ಟವಲ್ಲ: 30 ಗ್ರಾಂ ಒಣಗಾಳಿನ ಉಸಲಿ 7 ಗ್ರಾಂ ಕೊಡುತ್ತದೆ, ಒಂದು ಹಿಡಿ ಅಂದರೆ 30 ಗ್ರಾಂ ಕಡಲೆಬೀಜ 7, ಇನ್ನೊಂದು ದೊಡ್ಡ ಬಟ್ಟಲು ಮೊಸರು 4. ಮೊಟ್ಟೆ ತಿನ್ನುವವರಿಗೆ ಒಂದು ಮೊಟ್ಟೆಯಿಂದ 6. ಕರಾವಳಿಯಲ್ಲಿ ಎರಡು ಬಂಗುಡೆ ಸಾರಿಗೆ ಬಿದ್ದರೆ ಅಷ್ಟಕ್ಕೇ ಖೋತಾ ತೀರಿತು. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನು ಏರಿಸಬಾರದು.

ಕಾಳು ತಿಂದರೆ ಹೊಟ್ಟೆಯುಬ್ಬರ ಎಂದು ಬಿಟ್ಟವರಿಗೆ ಈ ಕ್ರಮ: ಎಂಟರಿಂದ ಹನ್ನೆರಡು ಗಂಟೆ ನೆನೆಸಿ, ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೆರಳಿಗೆ ಹಿಸುಕಿದರೆ ಮೆತ್ತಗಾಗುವಷ್ಟು ಬೇಯಿಸಿ, ಒಗ್ಗರಣೆಗೆ ಇಂಗು ಹಾಕಿ. ಮೊದಲ ವಾರ ದಿನಕ್ಕೆ ಎರಡು ಚಮಚ ಮಾತ್ರ, ವಾರಕ್ಕೆ ಎರಡು ಚಮಚದಂತೆ ಏರಿಸಿ. ಕರುಳಿಗೂ ಅಭ್ಯಾಸವಾಗಲು ದಿನ ಬೇಕು. ಹೆಸರುಕಾಳಿನಿಂದ ಶುರುಮಾಡಿ ಹುರುಳಿ, ಅಲಸಂದೆ, ಕಡಲೆಗೆ ಹೋಗಿ. ಮೊಳಕೆ ಕಟ್ಟುವವರಿಗೆ ಅಂಟಂಟಾಗಿ ವಾಸನೆ ಬಂದರೆ ನೀರು ಪೂರ್ತಿ ಬಸಿದಿಲ್ಲ ಎಂದರ್ಥ. ಅದನ್ನು ಎಸೆಯಿರಿ. ಚೆನ್ನಾಗಿ ಬಂದ ಮೊಳಕೆಯನ್ನೂ ಐದು ನಿಮಿಷ ಹಬೆಯಲ್ಲಿಟ್ಟು ತಿನ್ನಿ, ಹಸಿ ಮೊಳಕೆಯಲ್ಲಿ ರೋಗಾಣು ಬೆಳೆಯುವುದು ಸುಲಭ.

ಈಗ ಬಡಿಸುವ ಕ್ರಮ. ಬಾಳೆಎಲೆಯ ಮೇಲೆ ಕೋಸಂಬರಿ, ಪಲ್ಯ ಮೊದಲು ಬೀಳುತ್ತವೆ, ಅನ್ನ ಆಮೇಲೆ ಬರುತ್ತದೆ. ಮನೆಯ ತಟ್ಟೆಯಲ್ಲೂ ಹಾಗೆಯೇ ಮಾಡಿ. ಅರ್ಧ ತಟ್ಟೆ ಪಲ್ಯ ಕೋಸಂಬರಿಗೆ, ಕಾಲು ತಟ್ಟೆ ಕಾಳು ಬೇಳೆ ಮೀನು ಮೊಟ್ಟೆಗೆ, ಉಳಿದ ಕಾಲು ಭಾಗ ಅನ್ನ ಮುದ್ದೆ ರೊಟ್ಟಿಗೆ. ತರಕಾರಿ, ಕಾಳನ್ನು ಮೊದಲು ತಿಂದು ಅನ್ನಕ್ಕೆ ಆಮೇಲೆ ಕೈಹಾಕಿದರೆ ಊಟದ ನಂತರ ಸಕ್ಕರೆ ಏರುವುದು ಕಡಿಮೆಯಾಗುತ್ತದೆ. ಕೋಸಂಬರಿಗೆ ತಲೆಗೆ ಎರಡು ಚಮಚ ಹೆಸರುಬೇಳೆ ಮುಕ್ಕಾಲು ಗಂಟೆ ನೆನೆಸಿ, ಅರ್ಧ ಸೌತೆಕಾಯಿ ಹೆಚ್ಚಿ, ನಿಂಬೆ ಹಿಂಡಿ. ಉಪ್ಪು ಮಾತ್ರ ಎಲೆಗೆ ಬಡಿಸುವ ಮುನ್ನ. ಮೊದಲೇ ಹಾಕಿದರೆ ನೀರು ಬಿಟ್ಟು ಸಪ್ಪೆಯಾಗುತ್ತದೆ, ಮತ್ತೆ ಉಪ್ಪು ಸುರಿಯುತ್ತೀರಿ.

ಸೊಪ್ಪಿನ ಮಾತು ಬಂದಾಗ ಬಸ್ಸಾರನ್ನು ಬಿಡುವಂತಿಲ್ಲ. ಸೊಪ್ಪು ಕಾಳು ಬೇಯಿಸಿದ ನೀರನ್ನು ಬಸಿದು ಅದೇ ನೀರಿನಲ್ಲಿ ಸಾರು, ಬಸಿದ ಸೊಪ್ಪುಕಾಳಿಗೆ ಒಗ್ಗರಣೆ ಹಾಕಿ ಪಲ್ಯ. ನೀರಿಗಿಳಿದ ಸತ್ವ ಚರಂಡಿಗೆ ಹೋಗುವುದಿಲ್ಲ. ವಾರಕ್ಕೆ ಮೂರು ದಿನ ದಂಟು, ಹರಿವೆ, ನುಗ್ಗೆ, ಸಬ್ಬಸಿಗೆ ಯಾವುದಾದರೂ ಸರಿ. ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತಬೇಕಾದರೆ ನಿಂಬೆರಸ ಜತೆಗಿರಲಿ, ಊಟದ ಹಿಂದುಮುಂದು ಒಂದು ಗಂಟೆ ಕಾಫಿ ಟೀ ಬೇಡ. ಊಟವಾದ ಕೂಡಲೇ ಕಾಫಿ ಕುಡಿಯುವ ರೂಢಿ ರಕ್ತಹೀನತೆ ಇರುವ ಹೆಣ್ಣುಮಕ್ಕಳಿಗೆ ನೇರ ನಷ್ಟ.

ಪ್ಯಾಕೆಟ್ ಮೇಲಿನ ತಾರೀಖು ಈಗ ತೆಗೆಯಿರಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ತಲೆಗೆ ದಿನಕ್ಕೆ 5 ಗ್ರಾಂ ಉಪ್ಪು. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ 20 ಗ್ರಾಂ, ಒಂದು ಕಿಲೋ ಪ್ಯಾಕೆಟ್ 50 ದಿನ ಬರಬೇಕು. 25 ದಿನಕ್ಕೇ ಮುಗಿದಿದ್ದರೆ ಎರಡರಷ್ಟು ಹೋಗುತ್ತಿದೆ, ಅದರ ಮೇಲೆ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ, ಬೇಕರಿ ಖಾರದ ಲೆಕ್ಕ ಬೇರೆ. ಒಮ್ಮೆಗೇ ಅರ್ಧ ಮಾಡಿದರೆ ಸಾರು ಯಾರಿಗೂ ಸೇರುವುದಿಲ್ಲ. ವಾರಕ್ಕೆ ಹತ್ತನೇ ಒಂದು ಪಾಲಿನಂತೆ ಇಳಿಸಿ, ಹುಣಸೆ, ನಿಂಬೆ, ಮೆಣಸು ತುಸು ಏರಿಸಿ. ತಿಂಗಳೊಳಗೆ ನಾಲಿಗೆ ಒಗ್ಗುತ್ತದೆ. ಎಣ್ಣೆ ತುಪ್ಪ ಬೆಣ್ಣೆ ಎಲ್ಲ ಸೇರಿ, 2000 ಕಿಲೊಕ್ಯಾಲರಿಯ ದಿನಕ್ಕೆ ಪೋಷಣಾ ಸಂಸ್ಥೆ ಇಟ್ಟ ಅಳತೆ 27 ಗ್ರಾಂ. ನಾಲ್ವರಿಗೆ ಒಂದು ಲೀಟರ್ ಎಂಟು ದಿನಕ್ಕಿಂತ ಬೇಗ ಖಾಲಿಯಾಗುತ್ತಿದ್ದರೆ ಕರಿಯುವುದು ಹೆಚ್ಚಾಗಿದೆ, ಇಲ್ಲವೇ ಒಗ್ಗರಣೆಗೆ ಕ್ಯಾನಿನಿಂದ ನೇರ ಸುರಿಯುತ್ತಿದ್ದೀರಿ. ಒಂದು ಚಮಚ ಹಿಡಿದು ಹಾಕುವ ರೂಢಿ ಮಾಡಿ. ಸಕ್ಕರೆ ಬೆಲ್ಲ ಜೇನು ಸೇರಿ ತಲೆಗೆ 25 ಗ್ರಾಮಿನೊಳಗೆ, ಅಂದರೆ ನಾಲ್ವರಿಗೆ ಕಿಲೋ ಹತ್ತು ದಿನ. ಬಿಸ್ಕತ್ತು, ಸಿಹಿ, ತಂಪುಪಾನೀಯದ ಸಕ್ಕರೆಯೂ ಇದರೊಳಗೇ ಬರಬೇಕಾದ್ದರಿಂದ ಡಬ್ಬಿಯ ಕಿಲೋ 20 ದಿನ ಬಂದರೆ ನೆಮ್ಮದಿ. ಬೆಲ್ಲಕ್ಕೆ ರಿಯಾಯಿತಿ ಇಲ್ಲ.

ನೀರಿಗೆ ಲೀಟರ್ ಲೆಕ್ಕ ಬೇಡ, ಮೂತ್ರ ತಿಳಿಹಳದಿ ಬಣ್ಣದಲ್ಲಿದ್ದರೆ ಸಾಕಷ್ಟು ಕುಡಿಯುತ್ತಿದ್ದೀರಿ. ಬಿ12 ಜೀವಸತ್ವ ಗಿಡಮೂಲದ ಆಹಾರದಲ್ಲಿ ಸಿಗುವುದಿಲ್ಲ. ಹಾಲು ಮೊಸರು ಕಡಿಮೆ ತಿನ್ನುವ ಸಸ್ಯಾಹಾರಿಗಳಿಗೆ ಕೈಕಾಲು ಜುಮ್ಮೆನ್ನುತ್ತಿದ್ದರೆ, ಸುಸ್ತು ಬಿಡದಿದ್ದರೆ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ.

ನಡಿಗೆ

ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಬಿರುಸಿನ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಾರದಲ್ಲಿ ಐದು ದಿನ ಅರ್ಧ ಗಂಟೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಮಾತು 1960ರ ದಶಕದಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಹುಟ್ಟಿದ್ದು. ಅದಕ್ಕೆ ತಲುಪಲಿಲ್ಲವೆಂದು ಕೊರಗಬೇಡಿ. ಬಿರುಸು ಮುಖ್ಯ. 15 ಸೆಕೆಂಡಿನಲ್ಲಿ 25 ಹೆಜ್ಜೆ ಬಿದ್ದರೆ ನಿಮಿಷಕ್ಕೆ ನೂರು, ಅದೇ ಬಿರುಸು. ಪಕ್ಕದವರೊಡನೆ ಮಾತಾಡಲು ಬರಬೇಕು, ಹಾಡಲು ಬರಬಾರದು. ಫೋನಿನಲ್ಲಿ ಹರಟುತ್ತ ಅಡ್ಡಾಡುವುದು ಈ ಲೆಕ್ಕಕ್ಕೆ ಸೇರುವುದಿಲ್ಲ.

ಶುರುವಿಗೆ ಮಧ್ಯಾಹ್ನ ಮತ್ತು ರಾತ್ರಿ ಊಟವಾದ ಮೇಲೆ ಹತ್ತು ಹತ್ತು ನಿಮಿಷ ನಿಧಾನವಾಗಿ ನಡೆಯಿರಿ. ನಡೆಯುವ ತೊಡೆಯ ಸ್ನಾಯು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಎರಡನೇ ವಾರ ಇದಕ್ಕೆ ಬೆಳಗಿನ 15 ನಿಮಿಷದ ಬಿರುಸು ನಡಿಗೆ ಸೇರಿಸಿ, ವಾರಕ್ಕೆ 5 ನಿಮಿಷದಂತೆ ಏರಿಸಿ. ಈಗ ರಾತ್ರಿ ಊಟ, ನಿದ್ದೆ ಎರಡೂ ಹದಕ್ಕೆ ಬಂದಿರುವುದರಿಂದ ಬೆಳಿಗ್ಗೆ ಏಳುವುದು ಹೋರಾಟವಾಗಿರುವುದಿಲ್ಲ.

ಪಾರ್ಕ್ ಇಲ್ಲ, ಬೀದಿನಾಯಿ ಕಾಟ ಎನ್ನುವವರಿಗೆ ತಾರಸಿ ಇದೆ. 30×40 ನಿವೇಶನದ ಮನೆಯ ತಾರಸಿಯಲ್ಲಿ ಒಂದು ಸುತ್ತು ಸುಮಾರು 35 ಮೀಟರ್, 28ರಿಂದ 30 ಸುತ್ತಿಗೆ ಒಂದು ಕಿಲೋಮೀಟರ್. ಹತ್ತು ಸುತ್ತಿಗೊಮ್ಮೆ ದಿಕ್ಕು ಬದಲಿಸಿ, ಒಂದೇ ಕಡೆ ತಿರುಗಿದರೆ ಒಂದೇ ಮಂಡಿಗೆ ಭಾರ ಬೀಳುತ್ತದೆ.

ಶೂವನ್ನು ಸಂಜೆ ಕೊಳ್ಳಿ, ಆ ಹೊತ್ತಿಗೆ ಪಾದ ತುಸು ಊದಿರುತ್ತದೆ. ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಗಲ ಜಾಗ ಇರಬೇಕು. ಬೆಳಿಗ್ಗೆ ಎದ್ದು ಇಟ್ಟ ಮೊದಲ ಹೆಜ್ಜೆಗೇ ಹಿಮ್ಮಡಿ ಚುಚ್ಚಿದರೆ ಗ್ರಾನೈಟ್, ಟೈಲ್ಸ್ ನೆಲದ ಮೇಲೆ ಬರಿಗಾಲಲ್ಲಿ ಓಡಾಡುವುದನ್ನು ನಿಲ್ಲಿಸಿ, ಮೆತ್ತನೆ ಚಪ್ಪಲಿ ಹಾಕಿ. ಗೋಡೆಗೆ ಕೈಕೊಟ್ಟು ಮೀನಖಂಡವನ್ನು 30 ಸೆಕೆಂಡು ಎಳೆದು ಹಿಡಿಯುವುದನ್ನು ದಿನಕ್ಕೆ ಮೂರು ಹೊತ್ತು, ಒಂದೊಂದು ಕಾಲಿಗೆ ಮೂರು ಸಲ ಮಾಡಿ. ಸಕ್ಕರೆ ಕಾಯಿಲೆಯವರು ಎಲ್ಲಿಯೂ ಬರಿಗಾಲಲ್ಲಿ ನಡೆಯಬಾರದು, ರಾತ್ರಿ ಅಂಗಾಲು ನೋಡಿಕೊಳ್ಳಬೇಕು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯ ನಡಿಗೆ ಶುರುಮಾಡುವ ಮೊದಲು ವೈದ್ಯರನ್ನು ಕೇಳಿ, ಜೇಬಿನಲ್ಲಿ ಮೂರು ಚಮಚ ಸಕ್ಕರೆಯ ಪೊಟ್ಟಣ ಇಟ್ಟುಕೊಳ್ಳಿ. ನಡುಕ, ಬೆವರು, ಕಣ್ಣುಕತ್ತಲೆ ಬಂದರೆ ಕೂತು ತಿನ್ನಿ. ನಡೆಯುವಾಗ ಎದೆ ಹಿಂಡಿದಂತಾಗಿ ನಿಂತರೆ ಕಡಿಮೆಯಾಗುವ ನೋವನ್ನು ಗ್ಯಾಸ್ ಎಂದು ಬಿಡದೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಕೈಕಾಲಿನ ಬಲ

ನಡಿಗೆಯೊಂದರಿಂದ ಸ್ನಾಯು ಉಳಿಯುವುದಿಲ್ಲ. ವಾರಕ್ಕೆ ಎರಡು ದಿನ, ನಡುವೆ ಒಂದು ದಿನವಾದರೂ ಬಿಟ್ಟು, 20 ನಿಮಿಷ ಕೊಡಿ. ಗೋಡೆಗಾನಿಸಿದ ಕುರ್ಚಿಯಿಂದ ಕೈ ಊರದೆ ಎದ್ದು ನಿಧಾನವಾಗಿ ಕೂರುವುದು 10 ಸಲ. ಗೋಡೆಗೆ ಅಂಗೈ ಊರಿ ಒಂದು ತೋಳಿನಷ್ಟು ದೂರ ನಿಂತು ಎದೆಯನ್ನು ಗೋಡೆಗೆ ತಂದು ತಳ್ಳುವುದು 10. ಬೆನ್ನ ಮೇಲೆ ಮಲಗಿ ಮಂಡಿ ಮಡಿಸಿ ಸೊಂಟ ಎತ್ತುವುದು 10. ಮೆಟ್ಟಿಲ ಅಂಚಿನಲ್ಲಿ ಕಂಬಿ ಹಿಡಿದು ತುದಿಗಾಲಿಗೆ ಏಳುವುದು 15. ಎರಡು ಬಕೆಟ್ಟಿಗೆ ಐದೈದು ಲೀಟರ್ ನೀರು ತುಂಬಿ ಬೆನ್ನು ನೆಟ್ಟಗಿಟ್ಟು 30 ಹೆಜ್ಜೆ ಹೊರುವುದು. ಒಂದು ನಿಮಿಷ ಸುಧಾರಿಸಿಕೊಂಡು ಇದೇ ಸುತ್ತು ಮತ್ತೊಮ್ಮೆ.

ಎತ್ತುವಾಗ ಉಸಿರು ಬಿಡಿ, ಕಟ್ಟಿ ಹಿಡಿದರೆ ಬಿಪಿ ಏರುತ್ತದೆ. ಕುರ್ಚಿಯಿಂದ ಏಳುವಾಗ ಮಂಡಿ ನೋಯುತ್ತಿದ್ದರೆ ಮೇಲೆ ಒಂದು ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ, ಮಂಡಿಗಳು ಒಳಕ್ಕೆ ಬಾಗದಂತೆ ನೋಡಿ. 12 ಸಲ ಸಲೀಸಾದ ಮೇಲೆ ದಿಂಬು ತೆಗೆಯಿರಿ, ಆಮೇಲೆ ಕೈಯಲ್ಲಿ ಒಂದೊಂದು ಲೀಟರಿನ ನೀರಿನ ಬಾಟಲಿ ಹಿಡಿಯಿರಿ. ಮರುದಿನ ತೊಡೆ ಬಿಗಿದುಕೊಂಡಿದ್ದರೆ ಅದು ಸಹಜ, ಎರಡು ದಿನದಲ್ಲಿ ಹೋಗುತ್ತದೆ. ಕೀಲಿನೊಳಗೆ ಚುಚ್ಚುವ ನೋವಾದರೆ ಆ ವ್ಯಾಯಾಮ ನಿಲ್ಲಿಸಿ. ಅರವತ್ತು ದಾಟಿದವರಿಗೆ ಇಡೀ ಲೇಖನದಲ್ಲಿ ಒಂದನ್ನೇ ಆರಿಸಿ ಎಂದರೆ ಕುರ್ಚಿಯಿಂದ ಎದ್ದು ಕೂರುವುದನ್ನೇ ಹೇಳಬೇಕು. ಬಚ್ಚಲಲ್ಲಿ ಜಾರದೆ ನಿಲ್ಲಿಸುವುದು ಆ ತೊಡೆಯ ಬಲ.

ಕ್ರಮ ತಪ್ಪಿದಾಗ

ಮದುವೆ, ಹಬ್ಬ, ಊರಿನ ಜಾತ್ರೆ, ಪರೀಕ್ಷೆಯ ದಿನಗಳು ಬಂದೇ ಬರುತ್ತವೆ. ಹೋಳಿಗೆ ಬೇಡ ಎನ್ನಬೇಡಿ, ಅನ್ನದ ಪಾಲನ್ನು ಆ ಹೊತ್ತು ಅರ್ಧ ಮಾಡಿ. ರಾತ್ರಿ ಒಂದು ಗಂಟೆಗೆ ಮನೆ ಸೇರಿದರೂ ಬೆಳಿಗ್ಗೆ ಎಂದಿನ ಹೊತ್ತಿಗಿಂತ ಒಂದು ಗಂಟೆಗಿಂತ ತಡಮಾಡದೆ ಏಳಿ, ಅಂಗಳದ ಬೆಳಕಿಗೆ ಬನ್ನಿ, ಮಧ್ಯಾಹ್ನ ಅರ್ಧ ಗಂಟೆ ಒರಗಿ. ತಿಂದದ್ದಕ್ಕೆ ಪ್ರಾಯಶ್ಚಿತ್ತವೆಂದು ಮರುದಿನ ಉಪವಾಸ ಬೇಡ, ಸಂಜೆಗೆ ಎರಡರಷ್ಟು ತಿನ್ನುವಂತಾಗುತ್ತದೆ. ಆ ದಿನ ರಾತ್ರಿ ಏಳೂಮುಕ್ಕಾಲಿಗೆ ಸೊಪ್ಪಿನ ಸಾರು, ಸ್ವಲ್ಪ ಅನ್ನ, ಮಜ್ಜಿಗೆ. ಊಟವಾದ ಮೇಲೆ ಹತ್ತು ನಿಮಿಷ ನಡೆದು, ಹತ್ತೂಕಾಲಿಗೆ ದೀಪ ಆರಿಸಿ.